ಫಿಲಂ ಡಬ್ಬಿಯ ಖಾಲಿ ಜಾಗ

ನಾನೊಂದು ಮರದ ಮೀನು. ನೀರಿನಲ್ಲಿ ಹುಟ್ಟಿದ್ದಲ್ಲ. ಕುಂದಾಪುರದ ಕಡೆಯ ಒಂದು ಅಳಿವೆ ಊರಿನಲ್ಲಿ, ವಾಮನ ಆಚಾರಿಯವರ ಕೆಲಸದ ಕೊಟ್ಟಿಗೆಯಲ್ಲಿ ಹುಟ್ಟಿದ್ದು. ಅದಕ್ಕೂ ಮೊದಲು ನಾನು ಯಾರದೋ ಬೇಲಿಯ ಹಾಲುವಾಣದ ಗೂಟವಾಗಿದ್ದೆ. ಹಗುರ ಮರ, ಒಲೆಗೂ ಬೇಡದ ಮರ. ಆಚಾರಿಯವರು ಅದರಿಂದ ಗೇಣಿಗಿಂತ ಕಡಿಮೆಯ ತುಂಡು ಕಡಿದು, ಉಳಿಯಲ್ಲಿ ಹೊಟ್ಟೆ ಬೆನ್ನು ತೆಗೆದು, ಮರಳು ಕಾಗದದಲ್ಲಿ ಉಜ್ಜಿದರು. ಹೊಟ್ಟೆಗೆ ತೂತು ಕೊರೆದು ಬಲೆಗೆ ಕಟ್ಟುವ ಸೀಸದ ಚೂರೊಂದನ್ನು ತುಂಬಿದರು. ಮೂತಿಯ ಕೆಳಗೆ ತೆಳು ತಗಡಿನ ಒಂದು ನಾಲಿಗೆ ಸಿಕ್ಕಿಸಿದರು. ಆ ನಾಲಿಗೆಯೇ ನನ್ನ ಜೀವ ಅನ್ನಿ. ನೀರಿನಲ್ಲಿ ಎಳೆದಾಗ ನಾನು ಮುಳುಗುವುದೂ ಬಳುಕುವುದೂ ಅದರಿಂದಲೇ. ಅದಿಲ್ಲದಿದ್ದರೆ ನಾನು ತೇಲುವ ಕಡ್ಡಿ, ಅಷ್ಟೇ.

ನನ್ನನ್ನು ಮಾಡಿಸಿದವರು ಹೆರಿಯಣ್ಣ. ಊರಿನ ಟಾಕೀಸಿನಲ್ಲಿ ಸಿನಿಮಾ ಓಡಿಸುವ ಆಪರೇಟರ್. ತೆಳ್ಳಗಿನ ಮೈ, ಕತ್ತಲೆ ಕೋಣೆಯಲ್ಲಿ ಕೂತು ಕೂತು ಬಿಸಿಲಿಗೆ ಕಣ್ಣು ಕಿರಿದು ಮಾಡುವ ಅಭ್ಯಾಸ. ಮೀನು ಹಿಡಿಯುವುದು ಅವರ ಕಸುಬಲ್ಲ, ಮರುಳು. ದುಬೈಯಿಂದ ಬಂದ ಅವರ ಭಾವ ಗಾಳದ ಒಂದು ರಾಡು, ದಾರ ಸುತ್ತುವ ಒಂದು ರೀಲು, ಒಂದು ಹಿಡಿ ರಬ್ಬರ್ ಚಟ್ಲಿ ತಂದು ಕೊಟ್ಟಿದ್ದರು. ಚಟ್ಲಿ ಅಂದರೆ ನಮ್ಮ ಕಡೆ ಸಿಗಡಿ. ಅಂದಿನಿಂದ ಹೆರಿಯಣ್ಣನಿಗೆ ಹಿಡಿದ ಮರುಳು ಬಿಡಲಿಲ್ಲ.

ನನ್ನನ್ನು ಕೈಗೆ ಕೊಡುವಾಗ ಆಚಾರಿಯವರು ನಕ್ಕರು.

"ಅಲ್ಲ ಹೆರಿಯಣ್ಣ, ಮರ ತಿಂಬು ಮೀನ್ ಯಾವ್ ಊರಂಗಿತ್ತ್?"

"ಕುರುಡಿ ಮೀನ್ ಹಸಿವಿಗ್ ಮಾತ್ರ ಕಚ್ಚುದಲ್ಲ ಆಚಾರ್ರೆ. ಸಿಟ್ಟಿಗೂ ಕಚ್ಚತ್ತ್. ತನ್ನ ಜಾಗಕ್ಕೆ ಯಾರೋ ಬಂದ್ರಲ ಅಂದೇಳಿ."

"ಹಾಂಗಾರೆ ನಮ್ಮ ಊರ್ ಜನದ್ ಹಾಂಗೇ," ಎಂದರು ಆಚಾರಿ.

ನನಗೆ ಬಣ್ಣ ಬಂದದ್ದು ಹೆರಿಯಣ್ಣನ ಮನೆಯಲ್ಲಿ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಅಂಟಿಸಿ ಮೇಲೆ ವಾರ್ನಿಷ್ ಬಳಿದರು. ಕಿವಿರಿನ ಜಾಗಕ್ಕೆ ಕೆಂಪು ಗೀರು. ಕಣ್ಣಿಗೆ ಎರಡು ಸಣ್ಣ ಕರಿ ಗುಂಡಿ. ಅವನ್ನು ಕೊಟ್ಟವರು ಕುಷ್ಟ ಟೈಲರ್, ಹೆರಿಯಣ್ಣನ ಜೀವದ ಗೆಳೆಯ. ಹೆರಿಯಣ್ಣನ ಹೆಂಡತಿ ಗುಲಾಬಕ್ಕ ಟಾಕೀಸಿನ ಇಂಟರ್ವಲ್ಲಿಗೆ ಚಟ್ಟಂಬಡೆ ಕರಿದು ಕೊಡುತ್ತಿದ್ದರು. ಅವರು ಒಲೆಯ ಮುಂದಿನಿಂದಲೇ ಕಂಡು, "ಗೋಡಿಗ್ ಸುಣ್ಣ ಬಳಿನಿ ಅಂದ್ರೆ ಕೈ ನೋವು. ಮರದ್ ತುಂಡಿಗ್ ಎಂಥಾ ಸಿಂಗಾರ ಕಾಣಿ! ನಂಗೊಂದ್ ಕುಂಕುಮದ್ ಬೊಟ್ಟಾರೂ ಹೀಂಗ್ ಇಟ್ಟಿದ್ರ್ಯಾ ಯಾವತ್ತಾರೂ?" ಎಂದರು. ಹೆರಿಯಣ್ಣ ಬ್ರಶ್ಶಿನ ಕೆಂಪನ್ನು ಅವರ ಮೂಗಿನ ತುದಿಗೆ ಮುಟ್ಟಿಸಿದರು. ಎಣ್ಣೆಯಲ್ಲಿದ್ದ ಚಟ್ಟಂಬಡೆ ಸೀದು ಹೋಯಿತು. ನಾನು ಮೊದಲು ಕೇಳಿದ ನಗು ಅದು.

ಆ ಮನೆಯಲ್ಲಿ ನನ್ನ ವಾಸ ಒಂದು ಫಿಲಂ ಡಬ್ಬಿಯಲ್ಲಿ. ಸಿನಿಮಾದ ರೀಲು ಬರುತ್ತದಲ್ಲ, ಆ ಚಪ್ಪಟೆ ದುಂಡು ತಗಡಿನ ಡಬ್ಬಿ. ಟಾಕೀಸಿನವರು ಬಿಸಾಡಿದ್ದನ್ನು ಹೆರಿಯಣ್ಣ ತಂದು, ಒಳಗೆ ರಟ್ಟು ನಿಲ್ಲಿಸಿ ಕೋಣೆ ಮಾಡಿದ್ದರು. ಒಂದು ಕೋಣೆಯಲ್ಲಿ ಕುಷ್ಟ ಟೈಲರ್ ಸ್ಟೀಲಿನ ಚಮಚದ ಹಿಡಿ ಕತ್ತರಿಸಿ ಮಾಡಿಕೊಟ್ಟ ಹೊಳೆಯುವ ಚಮಚ. ಒಂದರಲ್ಲಿ ರಬ್ಬರ್ ಚಟ್ಲಿಗಳ ರಾಶಿ. ಒಂದರಲ್ಲಿ ಗಾಳ, ದಾರ. ನಡುವಿನ ಉದ್ದ ಕೋಣೆ ನನಗೊಬ್ಬನಿಗೇ.

ಯಾವುದನ್ನು ಯಾವಾಗ ಒಯ್ಯಬೇಕು ಎಂಬುದು ಹೆರಿಯಣ್ಣನಿಗೆ ದೊಡ್ಡ ಯೋಚನೆ. ಅಂಗಳಕ್ಕಿಳಿದು ಗಾಳಿ ನೋಡುವರು. ಬಾವಿಕಟ್ಟೆಗೆ ಒರಗಿ ಉಬ್ಬರ ಇಳಿತದ ಲೆಕ್ಕ ಹಾಕುವರು. ಮರಳು ದಿಬ್ಬದ ಬದಿಯ ತೆಳುನೀರಿಗಾದರೆ ಚಮಚ. ಬಿಸಿಲಿಗೆ ಮಿಂಚುತ್ತದೆ, ದೂರದ ಮೀನೂ ತಿರುಗಿ ನೋಡುತ್ತದೆ. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ತೋಡಿಗಾದರೆ ರಬ್ಬರ್ ಚಟ್ಲಿ. ಅದರ ಗಾಳ ಹೊಟ್ಟೆಯೊಳಗೆ ಅಡಗಿರುವುದರಿಂದ ನೀರಿಗಿಳಿದ ಬೇರುಗಳಿಗೆ ಸಿಕ್ಕಿಕೊಳ್ಳುವುದಿಲ್ಲ. ಹೊಳೆ ಕಡಲಿಗೆ ಸೇರುವ ಅಳಿವೆಯ ಬಂಡೆಗಳಿಗಾದರೆ ನಾನು. ಅಲ್ಲಿ ನೀರು ಆಳ, ಸೆಳೆತ ಜೋರು, ಸಣ್ಣ ಮೀನು ಬೇಟೆಯಾಡುವ ದೊಡ್ಡ ಕುರುಡಿ ಮೀನುಗಳ ಜಾಗ. ಆಯ್ದುಕೊಂಡದ್ದು ಒಂದೇ. ಡಬ್ಬಿ ಮನೆಯಲ್ಲೇ ಬಿಟ್ಟು ಹೋಗುವರು.

"ಎಲ್ಲ ಹಿಡ್ಕಂಡ್ ಹೋರೆ ಎಂತ ಆತ್ತ್?" ಎಂದು ಒಮ್ಮೆ ಕುಷ್ಟ ಟೈಲರ್ ಕೇಳಿದ್ದರು.

"ಮನಸ್ ಹತ್ತ್ ಕಡಿಗ್ ಹೋತ್ತ್ ಮಾರಾಯಾ. ಇದ್ ಹಾಕಿ ಅದ್ ಹಾಕಿ, ಹೊತ್ತೇ ಕಂತತ್ತ್. ಒಂದೇ ಇದ್ರೆ ಅದ್ರ್ ಮೇಲೆ ಭರೋಸ ಇಡ್ಕಾತ್ತ್."

"ಅದ್ಕೇ ಇರ್ಕ್ ಗುಲಾಬಕ್ಕ ನಿಮ್ಮನ್ ಸಹಿಸ್ಕಂಡದ್ದ್," ಎಂದರು ಕುಷ್ಟ.

ಇನ್ನೊಂದು ಮಾತು ಹೇಳಬೇಕು. ಗಾಳ ಹಿಡಿದು ಹೊರಟವರನ್ನು ನಮ್ಮಲ್ಲಿ ಎಲ್ಲಿಗೆ ಎಂದು ಕೇಳುವುದಿಲ್ಲ. ಕೇಳಿದರೆ ಹೊರಟ ಕೆಲಸ ಕೆಟ್ಟಿತು ಎಂದು ನಂಬಿಕೆ. ಗುಲಾಬಕ್ಕ ಮದುವೆಯಾಗಿ ಬಂದ ಹೊಸತರಲ್ಲಿ ತಿಳಿಯದೆ ಕೇಳಿಬಿಟ್ಟಿದ್ದರಂತೆ. ಹೆರಿಯಣ್ಣ ತಿರುಗಿ ಬಂದು, ರಾಡನ್ನು ಮೂಲೆಗೆ ಒರಗಿಸಿ, ಒಂದು ಚೊಂಬು ನೀರು ಕುಡಿದು ಕೂತರಂತೆ. ಅತ್ತೆಯ ಬೈಗುಳ ಸಂಜೆಯವರೆಗೂ ಮುಗಿಯಲಿಲ್ಲವಂತೆ. ಅಂದಿನಿಂದ ಗುಲಾಬಕ್ಕನ ಬಾಯಲ್ಲಿ ಆ ಮಾತು ಬರಲಿಲ್ಲ.

ಆದರೆ ಹೆಂಗಸಿನ ಮನಸ್ಸು, ತಿಳಿಯದೆ ಇರುವುದು ಹೇಗೆ? ಗಂಡ ಅಂಗಳ ದಾಟಿದ ಮೇಲೆ ಅವರು ಕೈ ಒರೆಸಿಕೊಂಡು ಬಂದು ಫಿಲಂ ಡಬ್ಬಿಯ ಮುಚ್ಚಳ ತೆರೆಯುತ್ತಿದ್ದರು. ಚಮಚ ಇಲ್ಲದಿದ್ದರೆ ಮರಳು ದಿಬ್ಬ. ನಾನಿಲ್ಲದಿದ್ದರೆ ಅಳಿವೆ. ಚಮಚವೂ ಇದ್ದು ನಾನೂ ಇದ್ದರೆ ಕಾಂಡ್ಲಾ ತೋಡು. ರಬ್ಬರ್ ಚಟ್ಲಿಯ ರಾಶಿಯಲ್ಲಿ ಒಂದು ಹೋದರೆ ತಿಳಿಯದು. ಅಳಿವೆಯಾದರೆ ಬರುವುದು ತಡ, ಅನ್ನ ನಿಧಾನಕ್ಕೆ ಇಟ್ಟರಾಯಿತು. ಹೀಗೆ ಕೇಳದೆಯೇ ಕೇಳುವ ಒಂದು ದಾರಿ ಅವರಿಗೆ ಸಿಕ್ಕಿತ್ತು. ಯಾರೂ ಕಲಿಸಿದ್ದಲ್ಲ.

ಹೆರಿಯಣ್ಣನಿಗೆ ಇದು ಗೊತ್ತಾಗಿತ್ತು. ಆ ಡಬ್ಬಿಯ ಮುಚ್ಚಳ ಬಲು ಬಿಗಿ, ತೆರೆಯಲು ಉಗುರು ಮುರಿಯಬೇಕು. ಆಮೇಲಾಮೇಲೆ ಅವರು ಮುಚ್ಚಳವನ್ನು ಒತ್ತದೆ, ಸುಮ್ಮನೆ ಮೇಲಿಟ್ಟು ಹೋಗುತ್ತಿದ್ದರು. ಇಬ್ಬರೂ ಒಂದು ದಿನವೂ ಆ ಬಗ್ಗೆ ಮಾತಾಡಲಿಲ್ಲ. ಡಬ್ಬಿಯೊಳಗೆ ಮಲಗಿದ್ದ ನನಗೆ ಮಾತ್ರ ಎರಡೂ ಕಡೆಯದು ಗೊತ್ತಿತ್ತು.

ಎಷ್ಟೋ ವರ್ಷ ಹೀಗೆ ನಡೆಯಿತು. ನಾನು ಹಿಡಿದುಕೊಟ್ಟ ಕುರುಡಿಗಳನ್ನು ಹೇಳಿ ಹೆಮ್ಮೆ ಪಡುವ ಆಸೆ ನನಗಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ಅಷ್ಟು ದೊಡ್ಡದನ್ನು ಆ ಅಳಿವೆಯಲ್ಲಿ ಯಾರೂ ಗಾಳದಲ್ಲಿ ಎಳೆದಿರಲಿಲ್ಲ. ಅದು ಬಾಯಿ ತೆರೆದಾಗ ನನಗೆ ಸುತ್ತಲೂ ಕತ್ತಲಾಯಿತು. ಮೇಲೆ ಬಂಡೆಯಲ್ಲಿ ಕುಷ್ಟ ಟೈಲರ್ "ಬಿಡ್ಬೇಡಿ, ಬಿಡ್ಬೇಡಿ" ಎಂದು ಕೂಗುತ್ತ ಹೆರಿಯಣ್ಣನ ಸೊಂಟ ಹಿಡಿದು ನಿಂತಿದ್ದರು. ಬಲೆಯವರು ದೋಣಿ ನಿಲ್ಲಿಸಿ ನೋಡಿದರು. ಅಂದು ಟಾಕೀಸಿನ ಮ್ಯಾಟಿನಿ ತಡವಾಗಿ ಶುರುವಾಯಿತು. ಮೀನಿನ ತಲೆ ಗುಲಾಬಕ್ಕನ ಪಾತ್ರೆಯಲ್ಲಿ ಹಿಡಿಯದೆ ನೆರೆಮನೆಯ ಹಂಡೆ ತರಬೇಕಾಯಿತು.

ಆಮೇಲೆ ಒಂದು ಬೇಸಿಗೆಯ ಕೊನೆ. ಶಾಲೆ ಶುರುವಾಗುವ ಮುಂಚಿನ ದಿನಗಳು, ಕುಷ್ಟ ಟೈಲರಿಗೆ ಯೂನಿಫಾರ್ಮ್ ಹೊಲಿಯುವ ರಾಶಿ ಕೆಲಸ. ಹೆರಿಯಣ್ಣ ಒಬ್ಬರೇ ಹೋಗುತ್ತಿದ್ದರು. ಅಳಿವೆಯಲ್ಲಿ ನಾನು ಬಂಡೆಗೆ ಬಡಿದೆ. ನನ್ನ ತಗಡಿನ ನಾಲಿಗೆ ಮುರಿಯಿತು. ಮರುದಿನ ಟಾಕೀಸಿಗೆ ಹೋಗುವ ದಾರಿಯಲ್ಲಿ ಅವರು ನನ್ನನ್ನು ಜೇಬಿನಲ್ಲಿಟ್ಟುಕೊಂಡು ಆಚಾರಿಯವರ ಕೊಟ್ಟಿಗೆಗೆ ತಂದರು.

"ನಾಳೆ ಆತಿಲ್ಲೆ ಹೆರಿಯಣ್ಣ," ಎಂದರು ಆಚಾರಿ. "ತಂಗಿ ಮನೆಗ್ ಸೀಮಂತಕ್ ಹೋಯ್ಕ್. ನಾಡ್ದ್ ಬೆಳಿಗ್ಗೆ ಬಂದ್ ಮಾಡ್ಕೊಡ್ತೆ."

"ಅವಸರ ಇಲ್ಲೆ. ನಾಳೆ ಕಾಂಡ್ಲಾ ತೋಡಂಗ್ ರಬ್ಬರ್ ಚಟ್ಲಿ ಹಾಕ್ತೆ."

ಮನೆಯಲ್ಲಿ ಹೇಳುವ ವಿಷಯವೇ ಅಲ್ಲ ಅದು. ನನ್ನನ್ನು ಕಿಟಕಿಯ ಬದಿಯ ಮೊಳೆಗೆ ನೇತು ಹಾಕಿ ಆಚಾರಿಯವರು ಬೀಗ ಹಾಕಿದರು.

ಮರುದಿನದ್ದನ್ನು ನಾನು ಕಣ್ಣಾರೆ ಕಂಡದ್ದಲ್ಲ. ಆಮೇಲೆ ಅವರಿವರ ಬಾಯಲ್ಲಿ ಕೇಳಿದ್ದು. ಹೆರಿಯಣ್ಣ ಊಟ ಮಾಡಿ ಹೊರಟಿದ್ದರು. ಸಂಜೆಯ ಆಟಕ್ಕೆ ಆಪರೇಟರ್ ಬರಲಿಲ್ಲ. ಟಾಕೀಸಿನಲ್ಲಿ ಜನ ಸಿಳ್ಳೆ ಹಾಕಿದರು. ಗೇಟಿನವನು ಮನೆಗೆ ಓಡಿ ಬಂದ. ಗುಲಾಬಕ್ಕ ಆಗಲೇ ಒಮ್ಮೆ ಡಬ್ಬಿ ತೆರೆದು ನೋಡಿದ್ದರು. ಈಗ ಇನ್ನೊಮ್ಮೆ ತೆರೆದರು. ನಡುವಿನ ಉದ್ದ ಕೋಣೆ ಖಾಲಿ.

"ಅಳಿವೆಗ್ ಹೋಯಿರ್," ಎಂದರು.

ಹೊಲಿಗೆ ಬಿಟ್ಟು ಓಡಿ ಬಂದಿದ್ದ ಕುಷ್ಟ ಟೈಲರ್ ಕೇಳಿದರು, "ಸಮಾ ಗೊತ್ತಿತ್ತಾ ಗುಲಾಬಕ್ಕ? ಕಾಂಡ್ಲಾ ಬದಿಗೂ ಇಬ್ರನ್ ಕಳ್ಸುವನಾ?"

"ಬ್ಯಾಡ. ಇದ್ದ್ ಜನ ಎಲ್ಲ ಅಳಿವೆಗೇ ಹೋಯ್ನಿ. ಈ ಡಬ್ಬಿ ನಂಗ್ ಇವತ್ತಿನವರೆಗ್ ಸುಳ್ ಹೇಳ್ಲಿಲ್ಲೆ."

ಮೊಬೈಲ್ ಎಲ್ಲರ ಕೈಗೆ ಬಂದಿರದ ಕಾಲ ಅದು. ಕೊಟ್ಟಿಗೆಯ ಕಿಟಕಿಯಲ್ಲಿ ನಾನು ನೇತಾಡುತ್ತಿದ್ದೆ. ಹೊರಗೆ ಜನ ಓಡುವ ಸದ್ದು, ಟಾರ್ಚಿನ ಬೆಳಕು. "ಅಳಿವೆಗೆ, ಅಳಿವೆಗೆ" ಎನ್ನುವ ಕೂಗು. ಹೆರಿಯಣ್ಣ ನಾನಿಲ್ಲದೆ ಅಳಿವೆಗೆ ಹೋಗುವುದಿಲ್ಲ, ನಾನಿಲ್ಲಿದ್ದೇನೆ. ಇಷ್ಟನ್ನು ಹೇಳಬೇಕಿತ್ತು. ನನ್ನಂಥವಕ್ಕೆ ದೇವರು ಕಣ್ಣು ಕೊಟ್ಟ, ಕಿವಿ ಕೊಟ್ಟ, ಮಾತೊಂದನ್ನು ಕೊಡಲಿಲ್ಲ. ಗಾಳಿಗೆ ತಿರುಗಿ ಗೋಡೆಗೆ ಟಕ್ ಟಕ್ ಎಂದು ಬಡಿದೆ. ಬೀಗ ಹಾಕಿದ ಬಾಗಿಲಿನ ಒಳಗೆ ಅದು ಯಾರಿಗೆ ಕೇಳೀತು?

ಬೆಳಿಗ್ಗೆ ಆಚಾರಿಯವರು ಬಂದು ಮೊದಲು ನನಗೆ ಹೊಸ ನಾಲಿಗೆ ಸಿಕ್ಕಿಸಿದರು. ಸುತ್ತಿಗೆಯ ಕೊನೆಯ ಪೆಟ್ಟು ಹಾಕುವಾಗ ದಾರಿಯಲ್ಲಿ ಹೋಗುವ ಯಾರೋ ಸುದ್ದಿ ಹೇಳಿದರು. ಅವರು ಸುತ್ತಿಗೆಯನ್ನು ಅಲ್ಲೇ ಬಿಟ್ಟು, ನನ್ನನ್ನು ಮುಷ್ಟಿಯಲ್ಲಿ ಹಿಡಿದು ಓಡಿದರು. ವಯಸ್ಸಾದ ಜೀವ, ಏದುಸಿರು. ನನ್ನ ಗಾಳ ಅವರ ಅಂಗೈಗೆ ಚುಚ್ಚಿತ್ತು. ಅದೂ ಅವರಿಗೆ ಗೊತ್ತಾಗಲಿಲ್ಲ.

ಹೆರಿಯಣ್ಣನ ಅಂಗಳದಲ್ಲಿ ಜನ. ಕುಷ್ಟ ಟೈಲರ್ ಅಳಿವೆಯಿಂದ ಬಂದು, ಇನ್ನೊಂದು ದೋಣಿ ಕೇಳಲು ನಿಂತಿದ್ದರು. ಜಗಲಿಯ ಕಂಬ ಹಿಡಿದು ಗುಲಾಬಕ್ಕ. ಆಚಾರಿಯವರು ಮಾತಾಡಲು ಉಸಿರಿಲ್ಲದೆ ಮುಷ್ಟಿ ಬಿಡಿಸಿದರು.

ಗುಲಾಬಕ್ಕ ನನ್ನನ್ನು ನೋಡಿದರು. ಬೆಳ್ಳಿ ಮೈಯ ನನ್ನನ್ನು ಅವರು ಎಷ್ಟೋ ಸಲ ನೋಡಿದ್ದರು. ಆ ನೋಟವನ್ನು ನಾನು ಯಾವ ಮೀನಿನ ಕಣ್ಣಲ್ಲೂ ಕಂಡಿಲ್ಲ.

"ಮೊನ್ನೆಯೇ ಕೊಟ್ಟಿದ್ರ್," ಎಂದರು ಆಚಾರಿ. "ಕಾಂಡ್ಲಾ ತೋಡಿಗ್ ಹೋತೆ ಅಂದಿದ್ರ್."

ಕುಷ್ಟ ಟೈಲರ್ ನನ್ನನ್ನು ಕಿತ್ತುಕೊಂಡು ಜೇಬಿಗೆ ತುರುಕಿ ಓಡಿದರು. ಹಾಗಾಗಿ ತೋಡಿನಲ್ಲಿ ಕಂಡದ್ದನ್ನು ನಾನೂ ಕಂಡೆ. ಮನೆಗಳಿಂದ ದೂರ, ಕಾಂಡ್ಲಾ ಗಿಡ ಒತ್ತಾಗಿ ಬೆಳೆದ ಕುದ್ರು, ಅಂದರೆ ಹೊಳೆಯ ನಡುಗಡ್ಡೆ. ಹೆರಿಯಣ್ಣನ ಕಾಲು ಚಿಪ್ಪಿನ ಕಲ್ಲಿನಲ್ಲಿ ಜಾರಿ, ಮುರಿದು, ಬೇರುಗಳ ನಡುವೆ ಸಿಕ್ಕಿಕೊಂಡಿತ್ತು. ರಾತ್ರಿಯ ಉಬ್ಬರ ಸಣ್ಣದು, ಎದೆಯವರೆಗೆ ಬಂದು ಇಳಿದಿರಬೇಕು. ಬೆಳಗಿನದು ದೊಡ್ಡದು. ನಾವು ಹೋದಾಗ ಆ ನೀರು ಇನ್ನೂ ಇಳಿದಿರಲಿಲ್ಲ.

ಪಕ್ಕದಲ್ಲಿ ರಾಡನ್ನು ಬೇರುಗಳ ನಡುವೆ ನೆಟ್ಟಗೆ ಊರಿದ್ದರು. ಅದರ ತುದಿಗೆ ಅವರ ಬಿಳಿ ಅಂಗಿ. ಎರಡೂ ತೋಳು ಸೇರಿಸಿ ಗಟ್ಟಿಯಾಗಿ ಗಂಟು ಹಾಕಿದ್ದರು. ಗಾಳಿಗೆ ಅದು ಬೀಸುತ್ತಿತ್ತು.

ಕುಷ್ಟ ಟೈಲರ್ ತಾವೇ ಹೊಲಿದ ಆ ಅಂಗಿಯನ್ನು ಬಿಚ್ಚಿ ಮಡಚಿದರು. ಜತೆಗಿದ್ದವರಿಗೆ ಹೇಳಿದರು: "ಈ ಅಂಗಿ ವಿಷಯ ಗುಲಾಬಕ್ಕಂಗ್ ಹೇಳುಕಾಗ. ಬಿದ್ದದ್ದೇ ತಲೆಗ್ ಪೆಟ್ಟಾಯ್ತ್, ಅಲ್ಲೇ ಜೀವ ಹೋಯ್ತ್. ಕೇಂಡ್ರ್ಯಾ? ಅಷ್ಟೇ."

ಅದೇ ಮಾತನ್ನು ಎಲ್ಲರೂ ಹೇಳಿದರು. ಗುಲಾಬಕ್ಕ ಒಂದೇ ಪ್ರಶ್ನೆ ಕೇಳಿದರು. "ಅಂಗಿ ಎಲ್ಲಿತ್ತ್?"

"ಹೊಳಿ ತಕಂಡ್ ಹೋಯ್ತ್ ಗುಲಾಬಕ್ಕ."

ಅಂಗಿಯಲ್ಲಿ ನನ್ನನ್ನು ಸುತ್ತಿ ಕುಷ್ಟ ಟೈಲರ್ ತಮ್ಮ ಹೊಲಿಗೆ ಮೇಜಿನ ಕೆಳಗಿನ ಖಾನೆಯಲ್ಲಿಟ್ಟರು. ಅಲ್ಲಿ ಶುರುವಾಯಿತು ನನ್ನ ಇನ್ನೊಂದು ಜನ್ಮ. ನೀರಿಲ್ಲ, ಬೆಳಕಿಲ್ಲ. ತಲೆಯ ಮೇಲೆ ದಿನವಿಡೀ ಹೊಲಿಗೆ ಯಂತ್ರದ ಗಡಗಡ. ಕುಷ್ಟ ಟೈಲರ್ ಮತ್ತೆ ಹೊಳೆಗೆ ಹೋಗಲಿಲ್ಲ. ಬೆಳ್ಳಿ ಕಾಗದ ನನ್ನ ಮೈಯಿಂದ ಎದ್ದು ಬಂತು. ಗಾಳಕ್ಕೆ ತುಕ್ಕು ಹಿಡಿಯಿತು. ಆ ತುಕ್ಕು ಅಂಗಿಗೂ ಹತ್ತಿತು.

ಗುಲಾಬಕ್ಕ ಆಗಾಗ ಅಂಗಡಿಗೆ ಬರುತ್ತಿದ್ದರು. ರವಿಕೆ ಹೊಲಿಸಲು, ಕೆಲವು ಸಲ ಸುಮ್ಮನೆ. ಟಾಕೀಸು ಮುಚ್ಚಿದ ಮೇಲೆ ಅವರು ಬಸ್ ನಿಲ್ದಾಣದ ಹೋಟೆಲಿಗೆ ಚಟ್ಟಂಬಡೆ ಕೊಡುತ್ತಿದ್ದರು. ಕಟ್ಟು ಬಿಚ್ಚಿ ಒಂದೆರಡು ಇಲ್ಲಿ ಇಡುವರು. ಹೇಳುವುದು ಒಂದೇ ಮಾತು.

"ಅಳಿವೆ ಅಂದದ್ದ್ ನಾನೇ ಅಲ್ದಾ ಕುಷ್ಟಣ್ಣ?"

"ಎಲ್ಲಿಗ್ ಹೋರೂ ಅಷ್ಟೇ ಗುಲಾಬಕ್ಕ. ಬಿದ್ದ್ ಗಳಿಗೆಗೇ ಹೋಯಿತ್ತಲೆ ಜೀವ."

"ಹೌದಾ," ಎನ್ನುವರು. ಯಂತ್ರ ಮತ್ತೆ ಶುರುವಾಗುವುದು. ಹೀಗೆ ಹತ್ತಾರು ಮಳೆಗಾಲ ಕಳೆದವು. ಆ ಸುಳ್ಳಿನ ಜತೆ ನಾನೂ ಮುದುಕನಾದೆ.

ಕುಷ್ಟ ಟೈಲರಿಗೆ ಕಣ್ಣಿಗೆ ಪೊರೆ ಬಂತು. ಸೂಜಿಗೆ ದಾರ ಪೋಣಿಸಲಾಗದು. ಅಂಗಡಿ ಬಿಟ್ಟುಕೊಡುವುದೆಂದಾಯಿತು. ಸಾಮಾನು ಕಟ್ಟುವ ದಿನ ಮಧ್ಯಾಹ್ನ ಗುಲಾಬಕ್ಕ ಬಂದರು. ಗಿರಾಕಿ ಕೂರುವ ಸ್ಟೂಲಿನಲ್ಲಿ ಕೂತರು.

"ಅಂಗಿ ಕೊಡಿ ಕುಷ್ಟಣ್ಣ."

"ಯಾರ್ ಅಂಗಿ?"

"ಅವರದ್."

ಟೈಲರ್ ಕೈಯಲ್ಲಿದ್ದ ಗಜಕೋಲು ಕೆಳಗಿಟ್ಟರು. "ಅದ್ ಹೊಳಿಗ್ ಹೋಯ್ತಲೆ."

"ಅವ್ರನ್ ಮೀಸುಕ್ ನೀರ್ ಹೊಯ್ವಾಗ ನಾನ್ ಮೈ ಕಂಡಿದ್ದೆ. ಬೆನ್ನಂಗೆ, ಹೆಗಲಂಗೆ, ಸೊಳ್ಳೆ ಕಚ್ಚಿ ದಡ್ಡ್ ಎದ್ದಿತ್ತ್. ಸತ್ತವ್ರಿಗ್ ಸೊಳ್ಳೆ ಕಚ್ಚಿರೆ ಮೈ ಊತತ್ತಾ ಕುಷ್ಟಣ್ಣ? ಅಂಗಿ ಹಾಕ್ಕಂಡವ್ರಿಗೆ ಬೆನ್ನಿಗ್ ಕಚ್ಚತ್ತಾ?"

ಕುಷ್ಟ ಟೈಲರ್ ಮೇಜಿನ ಅಂಚಿಗೆ ಕೂತರು. ಆಮೇಲೆ, "ಅವತ್ತೇ ಗೊತ್ತಿತ್ತಾ ನಿಮ್ಗೆ?" ಎಂದರು.

"ಗೊತ್ತಿತ್ತ್."

"ಮತ್ತೆ ಇಷ್ಟ್ ವರ್ಷ ನಾ ಹೇಳಿದ್ದಕ್ಕೆಲ್ಲ ಹೌದಾ ಹೌದಾ ಅಂದ್ರಿ?"

"ನೀವ್ ಅಷ್ಟ್ ಕಷ್ಟಪಟ್ಟ್ ಹೇಳ್ತಿದ್ರಿ. ಅಲ್ಲ ಅಂಬುದ್ ಹ್ಯಾಂಗೆ?"

ಖಾನೆ ತೆರೆಯಿತು. ಎಷ್ಟೋ ಕಾಲದ ಮೇಲೆ ನನಗೆ ಬೆಳಕು ಕಂಡಿತು. ಟೈಲರ್ ಅಂಗಿ ಬಿಡಿಸಿ ಅವರ ತೊಡೆಯ ಮೇಲಿಟ್ಟರು. ರಾಡಿನ ತುದಿಗೆ ಕಟ್ಟಿದ್ದನ್ನು ಹೇಳಿದರು. ಕಾಲು ಸಿಕ್ಕಿದ್ದನ್ನು, ಎರಡು ಉಬ್ಬರವನ್ನು, ಏನನ್ನೂ ಬಿಡದೆ ಹೇಳಿದರು. ಹೇಳುತ್ತ ಅವರೇ ಅತ್ತರು. ಗುಲಾಬಕ್ಕ ತೋಳಿನಲ್ಲಿ ಗಂಟಿನ ಸುಕ್ಕು ಉಳಿದಿದೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದರು.

"ಬೆಳಿಗ್ಗೆವರೆಗೂ ಕಾದಿರ್," ಎಂದರು ಕೊನೆಗೆ. "ಡಬ್ಬಿ ಕಂಡ್ ಇವಳ್ ಸಮಾ ಜಾಗಕ್ಕೇ ಜನ ಕಳ್ಸತ್ಳ್ ಅಂದೇಳಿ ಭರೋಸ ಇದ್ದಿತ್ತ್. ಅದ್ಕೇ ಕಟ್ಟಿದ್ದ್."

ಟೈಲರ್ ಖಾಲಿ ಖಾನೆಯನ್ನು ಒಳಕ್ಕೆ ದೂಡಿದರು.

ಏಳುವಾಗ ಗುಲಾಬಕ್ಕ ನನ್ನನ್ನೂ ಎತ್ತಿಕೊಂಡರು. "ಇದ್ ಬ್ಯಾಡ, ಹೊಳಿಗ್ ಬಿಸಾಡ್ತೆ," ಎಂದರು ಕುಷ್ಟ ಟೈಲರ್. "ಇರ್ಲಿ. ಇದ್ ಎಂತ ಮಾಡಿತ್ತ್, ಪಾಪ," ಎಂದರು ಗುಲಾಬಕ್ಕ.

ಈಗ ನಾನು ಅವರ ಅಡುಗೆಮನೆಯ ಕಿಟಕಿಯಲ್ಲಿದ್ದೇನೆ. ಗಾಳ ಕಿತ್ತು ತೆಗೆದಿದ್ದಾರೆ, ಒಂದು ಕಣ್ಣಿನ ಗುಂಡಿ ಬಿದ್ದು ಹೋಗಿದೆ. ಪಕ್ಕದಲ್ಲಿ ಉಪ್ಪಿನ ಭರಣಿ, ಬೆಂಕಿಪೆಟ್ಟಿಗೆ. ಇಲ್ಲಿಂದ ಹೊಳೆ ಕಾಣಿಸುವುದಿಲ್ಲ. ಗಾಳಿ ತಿರುಗಿದರೆ ಉಪ್ಪುನೀರಿನ ವಾಸನೆ ಬರುತ್ತದೆ. ನನ್ನನ್ನು ನುಂಗಲು ಬಂದವು ಎಷ್ಟೋ ಮೀನು. ನಿಜವೆಂದು ನಂಬಿದ್ದವು ಅವು. ನಾನು ಇದ್ದಲ್ಲಿ ಮೋಸ, ಇಲ್ಲದಲ್ಲಿಯೂ ಮೋಸವಾಯಿತಲ್ಲ ಎಂದು ಕೂತು ಯೋಚಿಸುತ್ತೇನೆ. ಯೋಚಿಸಲು ಬೇಕಾದಷ್ಟು ಹೊತ್ತಿದೆ.

ಅಂಗಡಿಯಿಂದ ಬಂದ ಮರುದಿನದಿಂದ ಗುಲಾಬಕ್ಕನಿಗೆ ಒಂದು ಹೊಸ ಅಭ್ಯಾಸ. ಹೊರಗೆ ಹೊರಡುವಾಗ ಸೆರಗು ಸರಿಮಾಡಿಕೊಂಡು ಕಿಟಕಿಯ ಹತ್ತಿರ ಬರುತ್ತಾರೆ. ಮನೆಯಲ್ಲಿ ಬೇರೆ ಯಾರೂ ಇಲ್ಲ.

"ಹೋಟ್ಲಿಗ್ ಚಟ್ಟಂಬಡೆ ಕೊಡುಕ್ ಹೋತೆ," ಎನ್ನುತ್ತಾರೆ. "ಬಪ್ಪಾಗ ಕುಷ್ಟಣ್ಣನ ಮನಿ ಹೊಕ್ಕಿ, ಕಣ್ಣಿಗ್ ಮದ್ದ್ ಬಿಟ್ಟಿಕ್ ಬತ್ತೆ. ಕೆಳಗಿನ ದಾರಿಯಂಗೇ ಹೋಪ್ದ್."

ಒಂದು ಗಳಿಗೆ ನಿಲ್ಲುತ್ತಾರೆ. ಆಮೇಲೆ ಬಾಗಿಲು ಎಳೆದುಕೊಳ್ಳುವ ಸದ್ದು.